ಮನೆಯ ದೂರವಾಣಿಯನ್ನು ಫೈಬರ್‌ಗೆ ಬದಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಯ ತಾಮ್ರದ ದೂರವಾಣಿ ಲೈನನ್ನು ಫೈಬರ್‌ಗೆ, ಅಂದರೆ ಮಾತನ್ನೂ ಇಂಟರ್ನೆಟ್ಟನ್ನೂ ಬೆಳಕಿನ ರೂಪದಲ್ಲಿ ಸಾಗಿಸುವ ಗಾಜಿನ ಎಳೆಗೆ, ಬದಲಿಸಿದ ಮೇಲೆ ನೆರೆಯವರು ಬಂದು ವಿಚಾರಿಸತೊಡಗಿದರು. ಆಮೇಲೆ ಹುಬ್ಬಳ್ಳಿ, ಗದಗ, ಹಾವೇರಿಗಳಲ್ಲಿರುವ ಬಂಧುಗಳೂ ಪರಿಚಯದವರೂ ಫೋನ್ ಹಚ್ಚಿ, ಪತ್ರ ಬರೆದು ಕೇಳತೊಡಗಿದರು. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಟ್ಟು, ನನಗೆ ಖಚಿತವಾಗಿ ತಿಳಿದಷ್ಟನ್ನು ಉತ್ತರವಾಗಿ ಬರೆದಿದ್ದೇನೆ. ಮನೆಯಲ್ಲಿ ವಯಸ್ಸಾದವರಿದ್ದರೆ ಕರೆಂಟಿನ ಪ್ರಶ್ನೆಯನ್ನೂ ನಂಬರಿನ ಪ್ರಶ್ನೆಯನ್ನೂ ಓದದೆ ಅರ್ಜಿಗೆ ಸಹಿ ಮಾಡಬೇಡಿ.

## ಮೊದಲು ತಿಳಿಯಬೇಕಾದದ್ದು

ಇಂಟರ್ನೆಟ್ ಮೇಲೆ ನಡೆಯುವ ಫೋನ್ ಅಂದರೆ ವಾಟ್ಸ್ಯಾಪ್ ಕಾಲ್ ಇದ್ದ ಹಾಗೆಯೇ?

ಅಲ್ಲ. ವಾಟ್ಸ್ಯಾಪ್ ಕರೆ ಆ ಆ್ಯಪ್ ಇರುವವರ ನಡುವೆ ಮಾತ್ರ ನಡೆಯುತ್ತದೆ. ಫೈಬರ್ ದೂರವಾಣಿಗಾದರೋ ಎಸ್‌ಟಿಡಿ ಕೋಡ್ ಸಹಿತವಾದ ನಿಜವಾದ ನಂಬರ್ ಇರುತ್ತದೆ, ರಿಸೀವರ್ ಎತ್ತಿದರೆ ಡಯಲ್ ಟೋನ್ ಬರುತ್ತದೆ, ಯಾವ ಮೊಬೈಲ್‌ಗೂ ಯಾವ ಲ್ಯಾಂಡ್‌ಲೈನ್‌ಗೂ ಕರೆ ಹೋಗುತ್ತದೆ. ಬದಲಾಗುವುದು ಮಾತು ಸಾಗುವ ದಾರಿ. ಹಳೆಯ ಪದ್ಧತಿಯಲ್ಲಿ ನಮ್ಮ ಧ್ವನಿಯ ಏರಿಳಿತವು ವಿದ್ಯುತ್ತಿನ ಏರಿಳಿತವಾಗಿ ಎರಡು ತಾಮ್ರದ ತಂತಿಗಳ ಮೇಲೆ ಎಕ್ಸ್‌ಚೇಂಜ್ ಮುಟ್ಟುತ್ತಿತ್ತು. ಹೊಸದರಲ್ಲಿ ಮನೆಯೊಳಗಿನ ಪೆಟ್ಟಿಗೆಯು ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತದೆ. ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಮಾತಿಗೆ ಒಂದರಂತೆ ಪೊಟ್ಟಣ ಕಟ್ಟಿ, ಬೆಳಕಿನ ರೂಪದಲ್ಲಿ ಗಾಜಿನ ಎಳೆಯ ಮೂಲಕ ಕಳಿಸುತ್ತದೆ. ಈ ಪೆಟ್ಟಿಗೆಯನ್ನು ಕಂಪನಿಯವರು ಓಎನ್‌ಟಿ ಎನ್ನುತ್ತಾರೆ, ನಮ್ಮ ಮನೆಗಳಲ್ಲಿ ಮೋಡೆಮ್ ಅಥವಾ ರೌಟರ್ ಎಂದೇ ಕರೆಯುತ್ತಾರೆ. ಮುಂದೆ ನಾನು ‘ಪೆಟ್ಟಿಗೆ’ ಎಂದು ಬರೆದಲ್ಲೆಲ್ಲ ಇದನ್ನೇ ತಿಳಿಯಬೇಕು.

ನಮ್ಮ ಹಳೆಯ ಲೈನ್ ಚೆನ್ನಾಗಿಯೇ ಇದೆ. ಬದಲಿಸಲೇಬೇಕೇ?

ಲೈನ್ ಸ್ವಚ್ಛವಾಗಿದ್ದು, ಮನೆಗೆ ಇಂಟರ್ನೆಟ್ ಬೇಡವಾಗಿದ್ದು, ಕಂಪನಿಯಿಂದ ಲಿಖಿತ ಸೂಚನೆ ಬಂದಿರದಿದ್ದರೆ ಅವಸರ ಮಾಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ತಾಮ್ರದ ಲೈನ್ ಇನ್ನು ಹೆಚ್ಚು ವರ್ಷ ಸುಖ ಕೊಡುತ್ತದೆಂದು ನಂಬಿ ಕೂಡುವುದೂ ಸರಿಯಲ್ಲ. ಮಳೆಗಾಲದಲ್ಲಿ ಕೇಬಲ್ ಜೋಡಣೆಗಳಿಗೆ ನೀರು ಇಳಿದು ಗರಗರ ಸದ್ದು ಬರುತ್ತದೆ. ರಸ್ತೆ, ಗಟಾರ, ಕುಡಿಯುವ ನೀರಿನ ಪೈಪು ಎಂದು ಅಗೆದಾಗಲೆಲ್ಲ ನೂರಾರು ಜೋಡಿ ತಂತಿಗಳಿರುವ ದಪ್ಪ ಕೇಬಲ್ ಕತ್ತರಿಸಿಹೋದರೆ ಪ್ರತಿಯೊಂದು ಜೋಡಿಯನ್ನೂ ಹುಡುಕಿ ಬೆಸೆಯಬೇಕು. ಆ ಕೆಲಸ ಬಲ್ಲ ಲೈನ್‌ಮನ್‌ಗಳೂ ಈಗ ವಿರಳ. 2020ರ ಜನವರಿ ಕೊನೆಯಲ್ಲಿ ಬಿಎಸ್‌ಎನ್‌ಎಲ್‌ನ ಸುಮಾರು 78 ಸಾವಿರ ನೌಕರರು ಒಂದೇ ಸಲಕ್ಕೆ ಸ್ವಯಂ ನಿವೃತ್ತಿ ಪಡೆದರು. ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಲೈನ್ ಸತ್ತುಹೋಗುತ್ತಿದ್ದರೆ ಬದಲಿಸುವುದೇ ಮೇಲು.

ಕರೆಂಟ್ ಹೋದ್ರ ಫೋನ್ ನಡೀತೈತೇನ್ರಿ?

ನೀವು ಏರ್ಪಾಡು ಮಾಡಿಕೊಂಡಿರದಿದ್ದರೆ ನಡೆಯುವುದಿಲ್ಲ. ಬದಲಾವಣೆಯಲ್ಲಿ ನಾವು ಕಳೆದುಕೊಳ್ಳುವ ಅತಿ ದೊಡ್ಡ ಅನುಕೂಲ ಇದೇ, ಆದರೆ ಸಂಪರ್ಕ ಕೊಡಲು ಬರುವವರು ಇದನ್ನು ತಾವಾಗಿ ಹೇಳುವುದಿಲ್ಲ. ತಾಮ್ರದ ಲೈನಿನಲ್ಲಿ ಎಕ್ಸ್‌ಚೇಂಜ್‌ನ ಬ್ಯಾಟರಿಗಳಿಂದ 48 ವೋಲ್ಟ್ ವಿದ್ಯುತ್ತು ಅದೇ ತಂತಿಯ ಮೇಲೆ ಮನೆಗೆ ಬರುತ್ತಿತ್ತು. ಆದ್ದರಿಂದಲೇ ಓಣಿಯೆಲ್ಲ ಕತ್ತಲಾದರೂ ಫೋನ್ ಮಾತ್ರ ಜೀವಂತವಾಗಿರುತ್ತಿತ್ತು. ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಪೆಟ್ಟಿಗೆಗೆ ನಿಮ್ಮ ಮನೆಯ ಕರೆಂಟೇ ಬೇಕು.

ನಮ್ಮ ಮನೆಯಲ್ಲಿ ಫೈಬರ್ ಬಂದ ಮೊದಲ ಮಳೆಗಾಲದಲ್ಲಿ ಒಂದು ರಾತ್ರಿ ಗಾಳಿಗೆ ಟೊಂಗೆ ಮುರಿದು ತಂತಿಯ ಮೇಲೆ ಬಿದ್ದು ಕರೆಂಟ್ ಹೋಯಿತು. ಇನ್ವರ್ಟರ್ ಮೇಲೆ ದೀಪ, ಫ್ಯಾನುಗಳು ನಡೆಯುತ್ತಲೇ ಇದ್ದವು. ಅವ್ವ ಗದಗಿನ ಅಕ್ಕನಿಗೆ ಫೋನ್ ಹಚ್ಚಲು ಹೋಗಿ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡಳು, ಇಟ್ಟಳು, ಮತ್ತೆ ಎತ್ತಿದಳು. ಬಿಲ್ ತುಂಬಲು ನಾನು ಮರೆತಿರಬೇಕೆಂದು ಆಕೆ ತಿಳಿದಿದ್ದಳು. ಮರುದಿನ ನೋಡಿದಾಗ ಕಾರಣ ತಿಳಿಯಿತು: ಇನ್ವರ್ಟರ್ ಲೈನನ್ನು ದೀಪ ಮತ್ತು ಫ್ಯಾನುಗಳಿಗೆ ಮಾತ್ರ ಕೊಟ್ಟಿದ್ದರು, ಪೆಟ್ಟಿಗೆಯನ್ನು ಚುಚ್ಚಿದ್ದ ಪ್ಲಗ್ ನೇರವಾಗಿ ಹೆಸ್ಕಾಂ ಕರೆಂಟಿನ ಮೇಲಿತ್ತು. ಎಲೆಕ್ಟ್ರಿಷಿಯನ್‌ಗೆ ಅರ್ಧ ತಾಸಿನ ಕೆಲಸ. ಇದನ್ನು ಫೈಬರ್ ಬರುವ ಮೊದಲೇ ಮಾಡಿಸಬೇಕಿತ್ತು.

ಇನ್ವರ್ಟರ್ ಇಲ್ಲದವರು ರೌಟರ್‌ಗೆಂದೇ ಮಾರುವ ಚಿಕ್ಕ ಯುಪಿಎಸ್ ಕೊಳ್ಳಬಹುದು. ಕೊಳ್ಳುವಾಗ ಅದರ ಮೇಲೆ ಬರೆದ ದೊಡ್ಡ ಅಂಕಿಗೆ ಮರುಳಾಗಬೇಡಿ. 8,800 ಎಂಎಎಚ್ ಎಂದು ಬರೆದಿದ್ದರೆ ಅದನ್ನು ಸಾಮಾನ್ಯವಾಗಿ ಒಳಗಿನ ಸೆಲ್ಲಿನ 3.7 ವೋಲ್ಟ್‌ಗೆ ಲೆಕ್ಕ ಹಾಕಿರುತ್ತಾರೆ, ಪೆಟ್ಟಿಗೆ ಬೇಡುವ 12 ವೋಲ್ಟ್‌ಗೆ ಅಲ್ಲ. 8.8ನ್ನು 3.7ರಿಂದ ಗುಣಿಸಿದರೆ ಸುಮಾರು 32 ವ್ಯಾಟ್-ಅವರ್ ಆಗುತ್ತದೆ. ಪೆಟ್ಟಿಗೆ 10 ವ್ಯಾಟ್ ಬಳಸುತ್ತದೆಂದು ಹಿಡಿದು, ನಡುವೆ ಸೋರಿಹೋಗುವುದನ್ನೂ ಕಳೆದರೆ ಎರಡೂವರೆ ತಾಸು ಬಂದೀತು. ಪೆಟ್ಟಿಗೆಯ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್‌ಗಳಿಗೆ ಯುಪಿಎಸ್ ಹೊಂದುತ್ತದೆಯೇ, ಪಿನ್ ಒಂದೇ ಅಳತೆಯದೇ ಎಂಬುದನ್ನು ಅಂಗಡಿಯಲ್ಲಿಯೇ ನೋಡಿಕೊಳ್ಳಬೇಕು. ಕಾರ್ಡ್‌ಲೆಸ್ ಫೋನ್ ಇದ್ದರೆ ಅದನ್ನು ಕೂಡಿಸುವ ಸ್ಟ್ಯಾಂಡಿಗೂ ಕರೆಂಟ್ ಬೇಕು; ಹೀಗಾಗಿ ತಂತಿಯಿರುವ ಸಾದಾ ಫೋನ್ ಒಂದನ್ನು ಉಳಿಸಿಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ಕಂಪನಿಯ ಕಡೆಯ ಉಪಕರಣದ ಬ್ಯಾಟರಿ ಮುಗಿದರೆ ನಮ್ಮ ಯುಪಿಎಸ್ ಉಪಯೋಗಕ್ಕೆ ಬರುವುದಿಲ್ಲ. ಚಾರ್ಜ್ ಇರುವ ಒಂದು ಮೊಬೈಲ್ ಮನೆಯಲ್ಲಿರಲೇಬೇಕು.

ನಮ್ಮ ಕಡೆ ಯಾರ್ ಯಾರ್ದು ಸಿಗತೈತಿ?

ಹುಬ್ಬಳ್ಳಿ-ಧಾರವಾಡದಲ್ಲಿ ಬಿಎಸ್‌ಎನ್‌ಎಲ್, ಜಿಯೋ, ಏರ್‌ಟೆಲ್‌ಗಳ ಜೊತೆಗೆ ಸ್ಥಳೀಯ ಕೇಬಲ್ ಆಪರೇಟರ್‌ಗಳ ಫೈಬರ್ ಕೂಡ ಇದೆ. ಹಳ್ಳಿಗಳಲ್ಲಿ ಭಾರತ್‌ನೆಟ್ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಯವರೆಗೆ ಬಂದ ಎಳೆಯಿಂದ ಮನೆಗಳಿಗೆ ಸಂಪರ್ಕ ಕೊಡುವವರನ್ನು ಪಂಚಾಯಿತಿಯಲ್ಲಿಯೇ ವಿಚಾರಿಸಬಹುದು. ಜಾಹೀರಾತಿಗಿಂತ ನಿಮ್ಮದೇ ಓಣಿಯಲ್ಲಿ ಈಗಾಗಲೇ ಬಳಸುತ್ತಿರುವ ಎರಡು ಮನೆಯವರ ಮಾತು ನಂಬಿಗಸ್ತ. ಸ್ಥಳೀಯ ಆಪರೇಟರ್‌ನಿಂದ ಪಡೆಯುವವರು ‘ಇಂಟರ್ನೆಟ್ ಮಾತ್ರವೋ, ದೂರವಾಣಿ ನಂಬರೂ ಕೊಡುತ್ತೀರೋ’ ಎಂದು ಮೊದಲೇ ಕೇಳಬೇಕು.

## ನಂಬರಿನ ವಿಷಯ

ನಮ್ಮ ಅಪ್ಪಾರ ಕಾಲದ ನಂಬರ್ ಐತ್ರಿ. ಅದನ್ನ ಉಳಿಸ್ಕೊಂಡು ಕಂಪನಿ ಬದಲಿಸಬಹುದೇನು?

ಕಂಪನಿ ಬದಲಿಸಿದರೆ ಉಳಿಯುವುದಿಲ್ಲ. ಮೊಬೈಲ್ ನಂಬರನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ 2011ರ ಜನವರಿ 20ರಿಂದ ಇದೆ. ಆದರೆ ಲ್ಯಾಂಡ್‌ಲೈನ್ ನಂಬರಿಗೆ ಆ ಸೌಲಭ್ಯವಿಲ್ಲ. ಇದನ್ನು ‘ಆಗುತ್ತದೆ, ಆಮೇಲೆ ಮಾಡಿಕೊಡುತ್ತೇವೆ’ ಎಂದು ಬಾಯಿಮಾತಿನಲ್ಲಿ ಹೇಳುವವರನ್ನು ನಂಬಬೇಡಿ. ಅದೇ ಕಂಪನಿಯಲ್ಲಿ ತಾಮ್ರದಿಂದ ಫೈಬರ್‌ಗೆ ಹೋಗುವುದಾದರೆ ಹಳೆಯ ನಂಬರನ್ನೇ ಕೇಳಿ ಪಡೆಯುವ ಅವಕಾಶವಿರುತ್ತದೆ. ಅದು ತಾನಾಗಿ ಆಗುತ್ತದೆಂದು ತಿಳಿಯದೆ ಅರ್ಜಿಯಲ್ಲಿಯೇ ‘ಈಗಿನ ನಂಬರನ್ನೇ ಮುಂದುವರಿಸಬೇಕು’ ಎಂದು ಬರೆದು ಪ್ರತಿಗೆ ಸಹಿ ಹಾಕಿಸಿಕೊಳ್ಳಬೇಕು. ‘ಹೊಸ ಸಂಪರ್ಕ’ ಎಂದು ಅರ್ಜಿ ಹೋದರೆ ಹೊಸ ನಂಬರೇ ಬರುತ್ತದೆ.

ನಂಬರ್ ಎಂದರೆ ಬರಿಯ ಅಂಕಿಗಳಲ್ಲ ಎಂಬುದು ಕಳೆದುಕೊಂಡವರಿಗೆ ಗೊತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವರೊಬ್ಬರು ತಮ್ಮ ಬಿಲ್ ಬುಕ್ಕು, ಕ್ಯಾಲೆಂಡರು, ಅಂಗಡಿಯ ಫಲಕ ಎಲ್ಲದರ ಮೇಲೂ ಇರುವ ನಂಬರನ್ನು ನನಗೆ ತೋರಿಸಿ, ಹೊರರಾಜ್ಯದ ಖರೀದಿದಾರರು ಹಂಗಾಮಿಗೊಮ್ಮೆ ಹಚ್ಚುವುದು ಇದೇ ನಂಬರಿಗೆ ಎಂದರು. ಅಂಥವರು ಹಳೆಯ ನಂಬರ್ ಇರುವ ಕಂಪನಿಯ ಫೈಬರ್‌ಗೇ ಹೋಗುವುದು ಸೂಕ್ತ. ವೇಗವೋ ದರವೋ ಸ್ವಲ್ಪ ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ.

ಹಳೆಯ ಲೈನನ್ನು ಯಾವಾಗ ಸರೆಂಡರ್ ಮಾಡಬೇಕು?

ಬೇರೆ ಕಂಪನಿಗೆ ಹೋಗುವವರು ಹೊಸದು ಬಂದ ದಿನವೇ ಹಳೆಯದನ್ನು ಕಡಿಸಬಾರದು. ಕನಿಷ್ಠ ಎರಡು ಬಿಲ್‌ಗಳ ಅವಧಿಯವರೆಗೆ ಎರಡನ್ನೂ ಇಟ್ಟುಕೊಂಡು, ಹಳೆಯ ನಂಬರಿಗೆ ಬರುವ ಕರೆಗಳನ್ನು ಹೊಸದಕ್ಕೆ ಫಾರ್ವರ್ಡ್ ಮಾಡಿಸಿ, ಯಾರು ಯಾರು ಇನ್ನೂ ಹಳೆಯದಕ್ಕೇ ಹಚ್ಚುತ್ತಿದ್ದಾರೆಂದು ಫೋನಿನ ಪಕ್ಕದ ಡೈರಿಯಲ್ಲಿ ಬರೆದಿಡಿ. ಬ್ಯಾಂಕು, ಗ್ಯಾಸ್ ಏಜೆನ್ಸಿ, ಜೀವವಿಮೆ, ಆಸ್ಪತ್ರೆಯ ಫೈಲು, ಮಕ್ಕಳ ಶಾಲೆ ಇಲ್ಲೆಲ್ಲ ಹಳೆಯ ನಂಬರ್ ಇರುವುದು ಒಂದೊಂದಾಗಿ ನೆನಪಿಗೆ ಬರುತ್ತದೆ. ಸರೆಂಡರ್ ಅರ್ಜಿ ಕೊಡುವಾಗ ಬಾಕಿ ತುಂಬಿದ ರಸೀದಿ, ಮೋಡೆಮ್ ಮತ್ತು ಉಪಕರಣ ಮರಳಿಸಿದ್ದಕ್ಕೆ ಸ್ವೀಕೃತಿ, ಡಿಪಾಸಿಟ್ ಮರಳಿ ಪಡೆಯಲು ಬ್ಯಾಂಕ್ ಖಾತೆಯ ವಿವರ ಈ ಮೂರೂ ಇರಲಿ. ಸಂಪರ್ಕ ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿಯೇ ಉಳಿದಿರುವ ಮನೆಗಳು ಬಹಳ. ಅವರು ಮೊದಲು ವಾರಸುದಾರರ ಹೆಸರಿಗೆ ಮಾಡಿಸಿಕೊಂಡು ಆಮೇಲೆ ಬದಲಾವಣೆಗೆ ಕೈಹಾಕಿದರೆ ಡಿಪಾಸಿಟ್‌ಗೂ ನಂಬರಿಗೂ ತಂಟೆ ಬರುವುದಿಲ್ಲ.

ಧಾರವಾಡದಿಂದ ಹುಬ್ಬಳ್ಳಿಗೆ ಹಚ್ಚುವಾಗ 0836 ಸೇರಿಸಬೇಕೋ ಬೇಡವೋ?

ಅವಳಿ ನಗರಕ್ಕೆ ಒಂದೇ ಕೋಡ್ ಇರುವುದರಿಂದ ತಾಮ್ರದ ಲೈನಿನಲ್ಲಿ ಬೇಕಾಗಿರಲಿಲ್ಲ. ಕೆಲವು ಫೈಬರ್ ಸಂಪರ್ಕಗಳಲ್ಲಿ ಊರೊಳಗಿನ ಕರೆಗೂ ಕೋಡ್ ಒತ್ತಬೇಕಾಗುತ್ತದೆ. ಸೇರಿಸಿ ಹಚ್ಚಿದರೆ ತಪ್ಪುವುದಿಲ್ಲ. ಗದಗಿಗೆ 08372, ಹಾವೇರಿಗೆ 08375 ಮೊದಲಿನಂತೆಯೇ. ಲ್ಯಾಂಡ್‌ಲೈನಿನಿಂದ ಯಾವ ಮೊಬೈಲ್‌ಗೆ ಹಚ್ಚುವುದಿದ್ದರೂ ಮೊದಲು ಸೊನ್ನೆ ಒತ್ತಬೇಕೆಂಬ ನಿಯಮ 2021ರ ಜನವರಿ 15ರಿಂದ ಎಲ್ಲ ಕಂಪನಿಗಳಿಗೂ ಇದೆ.

## ಮನೆಯೊಳಗಿನ ಕೆಲಸ

ಹಳೆಯ ಟೆಲಿಫೋನನ್ನೇ ಇಟ್ಟುಕೊಳ್ಳಬಹುದೇ?

ಗುಂಡಿ ಒತ್ತುವ ಫೋನಾದರೆ ಧಾರಾಳವಾಗಿ ಇಟ್ಟುಕೊಳ್ಳಬಹುದು. ಪೆಟ್ಟಿಗೆಯ ಹಿಂದೆ ಒಂದೇ ಬಗೆಯ ನಾಲ್ಕು ದೊಡ್ಡ ರಂಧ್ರಗಳ ಪಕ್ಕದಲ್ಲಿ ಫೋನಿನ ಚಿತ್ರವಿರುವ ಚಿಕ್ಕದೊಂದು ರಂಧ್ರ ಇರುತ್ತದೆ. ಫೋನಿನ ತಂತಿ ಅಲ್ಲಿಗೆ ಹೋಗಬೇಕು. ಬೆರಳಿಟ್ಟು ತಿರುಗಿಸುವ ಚಕ್ರದ ಫೋನಾದರೆ ಬಂದ ಕರೆಗೆ ಉತ್ತರಿಸಬಹುದು, ಆದರೆ ಅದು ಕಳಿಸುವ ‘ಟಕ್ ಟಕ್’ ಸಂಜ್ಞೆಯನ್ನು ಅನೇಕ ಪೆಟ್ಟಿಗೆಗಳು ಅರ್ಥ ಮಾಡಿಕೊಳ್ಳುವುದಿಲ್ಲ, ಹೀಗಾಗಿ ಹೊರಗೆ ಹಚ್ಚಲು ಬಾರದು.

ಮೊದಲೇ ಗೋಡೆಯೊಳಗಿನಿಂದ ಮಹಡಿಗೂ ಅಡುಗೆಮನೆಗೂ ಎಳೆದ ಫೋನ್ ತಂತಿಗಳಿದ್ದರೆ ಪೆಟ್ಟಿಗೆಯನ್ನು ಅವಕ್ಕೇ ಜೋಡಿಸಿ ಎಲ್ಲ ಕೋಣೆಗಳ ಫೋನುಗಳನ್ನೂ ನಡೆಸಬಹುದು. ಆದರೆ ಹಾಗೆ ಮಾಡುವ ಮೊದಲು ಹೊರಗಿನಿಂದ ಬಂದ ತಾಮ್ರದ ಜೋಡಿಯನ್ನು ಗೋಡೆಯ ಡಬ್ಬಿಯಲ್ಲಿ ಪೂರ್ತಿ ಬಿಚ್ಚಿ ಬೇರ್ಪಡಿಸಬೇಕು. ಎಕ್ಸ್‌ಚೇಂಜ್‌ನಿಂದ ಬರುವ 48 ವೋಲ್ಟ್, ಗಂಟೆ ಬಾರಿಸುವಾಗ ಅದಕ್ಕಿಂತಲೂ ಹೆಚ್ಚಿನ ವೋಲ್ಟ್, ಪೆಟ್ಟಿಗೆಯ ಫೋನ್ ರಂಧ್ರಕ್ಕೆ ಎದುರಾಗಿ ಬಂದರೆ ಅದು ಸುಟ್ಟುಹೋಗುತ್ತದೆ. ಮೂರಕ್ಕಿಂತ ಹೆಚ್ಚು ಹಳೆಯ ಫೋನುಗಳನ್ನು ಒಂದೇ ಪೆಟ್ಟಿಗೆಗೆ ತಗುಲಿಸಿದರೆ ಗಂಟೆ ಬಾರಿಸುವ ಶಕ್ತಿ ಸಾಲದೆ ಯಾವುದೂ ಸರಿಯಾಗಿ ಬಾರಿಸದೆ ಇರಬಹುದು.

ಪೆಟ್ಟಿಗೆಯನ್ನು ಎಲ್ಲಿ ಕೂಡಿಸಬೇಕು?

ಕಂಬದ ಕಡೆಯ ಕಿಟಕಿಯ ಬಳಿ ಮೊಳೆ ಹೊಡೆದು ಮುಗಿಸುವುದು ಬಂದವರಿಗೆ ಸುಲಭ. ನಿಮಗೆ ಬೇಕಾದದ್ದು ಇನ್ವರ್ಟರ್ ಪ್ಲಗ್ಗಿನ ಹತ್ತಿರ, ಫೋನ್ ಇಡುವ ಸ್ಥಳಕ್ಕೆ ಸಮೀಪ, ಗಾಳಿಯಾಡುವ ಜಾಗ. ಜಾಗವನ್ನು ಮೊದಲೇ ನಿಶ್ಚಯಿಸಿ, ಅವರೊಡನೆ ನಿಂತು ಮಾಡಿಸಿಕೊಳ್ಳಿ. ಗೋಡೆಯ ತೂತು ಹೊರಗಡೆಗೆ ಇಳಿಜಾರಾಗಿರಬೇಕು, ಕೇಬಲ್ ಒಳಗೆ ಬರುವ ಮುನ್ನ ಕೆಳಗೊಂದು ಸುತ್ತು ಇಳಿದು ಮೇಲೇರಬೇಕು. ಆಗ ಮಳೆಯ ಹನಿ ಅಲ್ಲಿಯೇ ಉದುರಿ ಗೋಡೆಯೊಳಗೆ ಬರುವುದಿಲ್ಲ. ಹಂಚಿನ ಮನೆಗಳಲ್ಲಿ ಜಂತಿಯ ಮೇಲೆ ಇಲಿಗಳ ಓಡಾಟವಿದ್ದರೆ ಪಿವಿಸಿ ಪೈಪಿನೊಳಗೆ ಹಾಯಿಸಬೇಕು. ಗಾಜಿನ ಎಳೆಯನ್ನು ಮೂಲೆಯಲ್ಲಿ ಚೂಪಾಗಿ ಮಡಿಸಬಾರದು. ಬಾಗು ಕನಿಷ್ಠ ಚಹಾ ಬಸಿಯ ಅಂಚಿನಷ್ಟು ಅಗಲವಾಗಿರಲಿ. ಬಿಚ್ಚಿದ ತುದಿಯೊಳಗೆ ಎಂದೂ ಕಣ್ಣಿಟ್ಟು ನೋಡಬೇಡಿ, ಮಕ್ಕಳಿಗೂ ಹೇಳಿಡಿ. ಅದರಲ್ಲಿ ಬರುವ ಲೇಸರ್ ಬೆಳಕು ಕಣ್ಣಿಗೆ ಕಾಣುವಂಥದಲ್ಲ.

ನಮಗೆ ಫೋನ್ ಮಾತ್ರ ಸಾಕು. ತಿಂಗಳಿಗೆ ಎಷ್ಟಾಗಬಹುದು?

ಫೈಬರ್‌ನಲ್ಲಿ ಸಾಮಾನ್ಯವಾಗಿ ಇಂಟರ್ನೆಟ್ ಪ್ಲ್ಯಾನಿನ ಜೊತೆಗೇ ದೂರವಾಣಿ ಬರುತ್ತದೆ, ದೇಶದೊಳಗಿನ ಕರೆಗಳಿಗೆ ಬೇರೆ ಹಣವಿರುವುದಿಲ್ಲ. ಹೀಗಾಗಿ ಅತಿ ಕಡಿಮೆಯ ಪ್ಲ್ಯಾನ್ ಸಾಕು. ದರಪಟ್ಟಿಯ ಅಂಕಿಯ ಮೇಲೆ ಶೇಕಡಾ 18ರಷ್ಟು ಜಿಎಸ್‌ಟಿ ಕೂಡುತ್ತದೆ. 500 ರೂಪಾಯಿ ಎಂದಿದ್ದರೆ ಬಿಲ್ 590 ಬರುತ್ತದೆ. ಪೆಟ್ಟಿಗೆ ಸ್ವಂತದ್ದೋ, ಬಾಡಿಗೆಯದೋ, ಡಿಪಾಸಿಟ್ ಮರಳಿ ಬರುವಂಥದೋ ಎಂದು ಕೇಳಿ. ‘ಪೆಟ್ಟಿಗೆ ಉಚಿತ’ ಎಂಬ ಮಾತಿನ ಹಿಂದೆ ಆರು ತಿಂಗಳು ಅಥವಾ ವರ್ಷದ ಹಣ ಮುಂಗಡ ತುಂಬುವ ಷರತ್ತು ಇದ್ದರೆ, ಮೊದಲ ತಿಂಗಳ ಅನುಭವ ನೋಡದೆ ಅದನ್ನು ಒಪ್ಪಬೇಡಿ.

## ತೊಂದರೆ ಬಂದಾಗ

ಮಾತು ಕಡಿದು ಕಡಿದು ಕೇಳುತ್ತದೆ. ಸ್ಪೀಡ್ ಹೆಚ್ಚಿನ ಪ್ಲ್ಯಾನ್ ಹಾಕಿಸಬೇಕೇ?

ಬೇಡ. ಒಂದು ಕರೆಗೆ ಹೋಗುತ್ತ ಬರುತ್ತ ತಲಾ 100 ಕಿಲೋಬಿಟ್‌ನೊಳಗೇ ಸಾಕಾಗುತ್ತದೆ; 30 ಎಂಬಿಪಿಎಸ್ ಪ್ಲ್ಯಾನಿನಲ್ಲಿ ಅದು ಮುನ್ನೂರನೆಯ ಒಂದು ಭಾಗ. ಮಾತಿಗೆ ಬೇಕಾದದ್ದು ಪೊಟ್ಟಣಗಳು ಒಂದೇ ಲಯದಲ್ಲಿ ಬಂದು ಮುಟ್ಟುವುದು. ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಸಂಭಾಷಣೆ ಸಹಜವಾಗಿರುತ್ತದೆ, ತಡವಾದರೆ ಇಬ್ಬರೂ ಒಟ್ಟಿಗೆ ಮಾತನಾಡಿ ಒಟ್ಟಿಗೆ ಸುಮ್ಮನಾಗುವ ಪ್ರಸಂಗ ಬರುತ್ತದೆ.

ಮೊದಲು ಬೇರೊಂದು ಫೋನನ್ನು ಚಿಕ್ಕ ತಂತಿಯಿಂದ ನೇರವಾಗಿ ಪೆಟ್ಟಿಗೆಗೆ ಜೋಡಿಸಿ ಮಾತನಾಡಿ ನೋಡಿ. ಈಗ ಸ್ವಚ್ಛವಾಗಿ ಕೇಳಿಸಿದರೆ ದೋಷ ನಿಮ್ಮ ಹಳೆಯ ಫೋನಿನಲ್ಲಿ ಅಥವಾ ಗೋಡೆಯೊಳಗಿನ ತಂತಿಯಲ್ಲಿದೆ. ಮನೆಯ ನಂಬರನ್ನು ಮೊಬೈಲ್ ಆ್ಯಪ್ ಮೂಲಕ ಬಳಸುತ್ತಿದ್ದರೆ ವೈಫೈ ದುರ್ಬಲವಾಗಿರಬಹುದು. ರೌಟರ್ ಪಕ್ಕದಲ್ಲಿ ನಿಂತು ಮಾತನಾಡಿದರೆ ತಿಳಿಯುತ್ತದೆ. ಎರಡೂ ಅಲ್ಲವಾದರೆ ಬಂದ ತಂತ್ರಜ್ಞರಿಗೆ ಬೆಳಕಿನ ಮಟ್ಟ ಅಳೆದು ತೋರಿಸಲು ಕೇಳಿ. ಬೆಳಕನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ; ಮೈನಸ್ 27 ಡಿಬಿಎಂ ಎಂಬುದು ಸಾಮಾನ್ಯ ಪೆಟ್ಟಿಗೆಗಳ ಕೊನೆಯ ಗಡಿ. ಮೈನಸ್ 20ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಮೈನಸ್ 25 ದಾಟಿ 27ರ ಕಡೆಗೆ ಹೋಗಿದ್ದರೆ ಎಲ್ಲಿಯೋ ಬೆಸುಗೆ ಸಡಿಲಾಗಿದೆ ಅಥವಾ ಎಳೆ ಮಡಿಸಿಕೊಂಡಿದೆ, ಅದನ್ನು ಸರಿಪಡಿಸದೆ ಅವರನ್ನು ಕಳಿಸಬೇಡಿ.

ಪೆಟ್ಟಿಗೆ ಮೇಲೆ ಕೆಂಪು ದೀಪ ಹತ್ತೈತಿ, ಏನ್ ಮಾಡೋದು?

‘ಎಲ್‌ಒಎಸ್’ ಎಂಬ ಅಕ್ಷರಗಳ ಬಳಿ ಕೆಂಪು ದೀಪವಿದ್ದರೆ ಹೊರಗಿನಿಂದ ಬೆಳಕು ಬರುತ್ತಿಲ್ಲವೆಂದರ್ಥ. ಪೆಟ್ಟಿಗೆಯನ್ನು ಹತ್ತು ಸಲ ಆರಿಸಿ ಹಚ್ಚಿದರೂ ಅದು ಹೋಗದು. ಹಸಿರು ತುದಿಯ ಜೋಡಣೆ ಸಡಿಲಾಗಿದೆಯೇ, ಕಸಗುಡಿಸುವಾಗ ಎಳೆ ಜಗ್ಗಿದೆಯೇ ಎಂದು ಮಾತ್ರ ನೋಡಿ, ದೂರು ಕೊಡಿ. ಕೆಂಪು ದೀಪವಿಲ್ಲದೆ ಫೋನಿನ ಚಿತ್ರದ ದೀಪವಷ್ಟೇ ಆರಿದ್ದರೆ ಎಳೆ ಸರಿಯಾಗಿದೆ, ನಂಬರಿನ ನೋಂದಣಿ ಬಿಟ್ಟುಹೋಗಿದೆ. ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹಚ್ಚಿದರೆ ಬಹುತೇಕ ಮರಳುತ್ತದೆ. ಈ ವ್ಯತ್ಯಾಸ ಹೇಳಿ ದೂರು ಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಫ್ಯಾಕ್ಸ್, ಲಿಫ್ಟಿನ ಫೋನ್, ಕಳ್ಳರ ಅಲಾರಂ ಇವೆಲ್ಲ ನಡೆಯುತ್ತವೆಯೇ?

ಖಾತ್ರಿಯಿಲ್ಲ. ಫ್ಯಾಕ್ಸ್ ಮತ್ತು ಅಲಾರಂಗಳು ಧ್ವನಿಯ ಸ್ವರಗಳನ್ನು ಅತ್ಯಂತ ನಿಖರವಾಗಿ ನಿರೀಕ್ಷಿಸುತ್ತವೆ. ನಡುವೆ ಒಂದು ಪೊಟ್ಟಣ ಕಳೆದರೂ ಮನುಷ್ಯರ ಕಿವಿ ಸಹಿಸಿಕೊಳ್ಳುತ್ತದೆ, ಯಂತ್ರ ಸಹಿಸುವುದಿಲ್ಲ. ಫ್ಯಾಕ್ಸ್ ಬೇಕೇಬೇಕಾದವರು ಇಂಟರ್ನೆಟ್ ಮೇಲೆ ಫ್ಯಾಕ್ಸ್ ಸಾಗಿಸುವ ‘ಟಿ.38’ ಸೌಲಭ್ಯವಿದೆಯೇ ಎಂದು ಕೇಳಬೇಕು. ಲಿಫ್ಟ್ ಮತ್ತು ಅಲಾರಂಗಳಿಗೆ ಮೊಬೈಲ್ ಸಿಮ್ ಆಧಾರಿತ ಉಪಕರಣವೇ ಲೇಸು.

ತುರ್ತು ಸಂದರ್ಭದಲ್ಲಿ 112, 108ಕ್ಕೆ ಕರೆ ಹೋಗುತ್ತದೆಯೇ?

ಹೋಗುತ್ತದೆ. ಆದರೆ ಮನೆಯ ನಂಬರನ್ನು ಆ್ಯಪ್‌ನಲ್ಲಿ ಹಾಕಿಕೊಂಡು ಬೇರೆ ಊರಿನಲ್ಲಿದ್ದಾಗ ಆ ನಂಬರಿನಿಂದ ಸಹಾಯ ಕೇಳಬಾರದು. ದಾಖಲೆಯಲ್ಲಿರುವುದು ಮನೆಯ ವಿಳಾಸ. ಅಂಥ ಹೊತ್ತಿನಲ್ಲಿ ಮೊಬೈಲ್ ನಂಬರಿನಿಂದಲೇ ಹಚ್ಚಿ. ಮನೆ ಬದಲಿಸಿದರೆ ವಿಳಾಸ ತಿದ್ದಿಸಿ. ನಮ್ಮಲ್ಲಿ ಫೋನಿನ ಮೇಲಿನ ಗೋಡೆಗೆ ಮನೆ ನಂಬರ್, ಓಣಿ, ಹತ್ತಿರದ ಗುಡಿಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇವೆ, ಏಕೆಂದರೆ ಗಾಬರಿಯಲ್ಲಿ ಅವ್ವನಿಗೆ ಅಷ್ಟನ್ನೂ ಜೋಡಿಸಿ ಹೇಳಲಾಗದು.

‘ಎರಡು ತಾಸಿನಲ್ಲಿ ನಿಮ್ಮ ಫೋನ್ ಬಂದ್ ಆಗುತ್ತದೆ, 9 ಒತ್ತಿರಿ’ ಎಂದು ಕರೆ ಬಂತು. ನಿಜವೇ?

ಮೋಸ. ದೂರವಾಣಿ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಪ್ರಾಧಿಕಾರವಾದ ಟ್ರಾಯ್ ಎಂದೂ ಗ್ರಾಹಕರಿಗೆ ಕರೆ ಮಾಡಿ ಸಂಪರ್ಕ ಕಡಿಯುವುದಾಗಿ ಬೆದರಿಸುವುದಿಲ್ಲ. ಏನನ್ನೂ ಒತ್ತದೆ ಇಟ್ಟುಬಿಡಿ. ತಾಮ್ರದ ಲೈನ್ ಬದಲಾಗುತ್ತಿರುವ ಸುದ್ದಿ ಎಲ್ಲರಿಗೂ ಗೊತ್ತಿರುವುದರಿಂದ ಹಿರಿಯರು ಇದನ್ನು ಬೇಗ ನಂಬುತ್ತಾರೆ. ಅವರ ಬಳಿ ಕೂತು ವಿವರಿಸಿ ಹೇಳಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಹಚ್ಚಿ.

ದೂರು ಕೊಟ್ಟು ವಾರವಾದರೂ ಯಾರೂ ಬಂದಿಲ್ಲ. ಮುಂದೇನು?

ಕಂಪನಿಯ ಗ್ರಾಹಕ ಸೇವಾ ಕೇಂದ್ರಕ್ಕೆ ಕೊಟ್ಟ ಪ್ರತಿ ದೂರಿಗೂ ಡಾಕೆಟ್ ನಂಬರ್, ಅಂದರೆ ದೂರಿನ ಗುರುತಿನ ಸಂಖ್ಯೆ, ಇರುತ್ತದೆ. ಲೈನ್‌ಮನ್‌ಗೆ ನೇರವಾಗಿ ಹೇಳಿದ ಮಾತಿಗೆ ಆ ನಂಬರ್ ಇರುವುದಿಲ್ಲ, ಆದ್ದರಿಂದ ಕಾಗದದ ಮೇಲೆ ಆ ದೂರು ಹುಟ್ಟಿಯೇ ಇರುವುದಿಲ್ಲ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಡಾಕೆಟ್ ನಂಬರ್ ಸಹಿತ ಬರೆಯಬೇಕು. ಟ್ರಾಯ್‌ನ 2012ರ ನಿಯಮಾವಳಿಯಂತೆ ಮೇಲ್ಮನವಿಯನ್ನು 39 ದಿನಗಳೊಳಗೆ ತೀರ್ಮಾನಿಸಬೇಕು, ಅದಕ್ಕೆ ಶುಲ್ಕವಿಲ್ಲ. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ದೂರವಾಣಿ ತಕರಾರುಗಳನ್ನು ಗ್ರಾಹಕರ ಆಯೋಗಗಳು ಕೇಳಬಾರದೆಂಬ ವಾದವನ್ನು 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದೆ. ಹೋಗುವಾಗ ಅರ್ಜಿಯ ಪ್ರತಿ, ಬಿಲ್‌ಗಳು, ಡಾಕೆಟ್ ನಂಬರ್‌ಗಳು, ಫೋನ್ ಸತ್ತ ದಿನಗಳನ್ನು ಬರೆದಿಟ್ಟ ಡೈರಿ ಇವನ್ನು ತಾರೀಖಿನ ಕ್ರಮದಲ್ಲಿ ಹೊಂದಿಸಿ ಒಯ್ಯಿರಿ.